ಸಂಬಳವಿಲ್ಲದ ಅಮಾವಾಸ್ಯೆ

ನಮ್ಮ ಮನೆಯಲ್ಲಿ ತಿಂಗಳು ಎಂದರೆ ಚಂದ್ರನ ತಿಂಗಳು. ಹಿಂದೂಪುರದ ಬೆಲ್ಲದ ಮಂಡಿಯೊಂದರಲ್ಲಿ ನಮ್ಮ ಯಜಮಾನರು ಗುಮಾಸ್ತರಾಗಿದ್ದರು. ಅಮಾವಾಸ್ಯೆಯ ದಿನ ಮಂಡಿಯಲ್ಲಿ ತೂಕವಿಲ್ಲ, ವ್ಯಾಪಾರವಿಲ್ಲ. ಸಾವುಕಾರರು ತಕ್ಕಡಿಗೂ ಗಲ್ಲಾಪೆಟ್ಟಿಗೆಗೂ ಪೂಜೆ ಮಾಡಿಸಿ, ಮಂಗಳಾರತಿ ಆದಮೇಲೆ ಎಲ್ಲರಿಗೂ ಸಂಬಳ ಕೊಡುತ್ತಿದ್ದರು. ಪಕ್ಕದ ಮನೆಯವರು ರೈಲ್ವೆ ನೌಕರರು, ಅವರಿಗೆ ಇಂಗ್ಲಿಷ್ ತಿಂಗಳ ಲೆಕ್ಕ. ಆ ಮನೆಯಾಕೆ ಗೋಡೆಯ ಕ್ಯಾಲೆಂಡರ್ ನೋಡಿ ಅಡುಗೆ ಮಾಡುತ್ತಿದ್ದರು, ನಾನು ಆಕಾಶ ನೋಡಿ ಮಾಡುತ್ತಿದ್ದೆ. ಹುಣ್ಣಿಮೆಯ ಹೊತ್ತಿಗೆ ನಮ್ಮ ಸಂಬಳ ಮುಗಿಯುತ್ತಿತ್ತು. ಕೃಷ್ಣಪಕ್ಷವೆಲ್ಲ ಕಿರಾಣಿ ಅಂಗಡಿಯ ಉದ್ರಿಯಲ್ಲಿ ನಡೆಯುತ್ತಿತ್ತು. ಅಮಾವಾಸ್ಯೆಗೆ ಬಂದ ಸಂಬಳದಲ್ಲಿ ಮೊದಲು ಅಂಗಡಿಯ ಬಾಕಿ, ಆಮೇಲೆ ಮನೆ ಬಾಡಿಗೆ, ಉಳಿದದ್ದು ಮತ್ತೆ ಹುಣ್ಣಿಮೆಯವರೆಗೆ. ಕೂಡಿಟ್ಟದ್ದು ಏನೂ ಇರಲಿಲ್ಲ. ಇಲ್ಲ ಎಂದು ಕೊರಗಿದ್ದೂ ಇಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಲೆ ಹಚ್ಚಿದರೆ ಅದರ ಮೇಲಿಡಲು ಏನಾದರೂ ಇರುತ್ತಿತ್ತು, ಅಷ್ಟನ್ನು ಶಿವ ಕೊಟ್ಟಿದ್ದ.

ದೊಡ್ಡ ಯುದ್ಧಕ್ಕೂ ಎಷ್ಟೋ ವರ್ಷ ಮುಂಚೆ ಒಮ್ಮೆ ಎಲ್ಲದರ ಬೆಲೆಯೂ ಬಿದ್ದುಹೋಯಿತು. ಬೆಲ್ಲ ಕೇಳುವವರಿಲ್ಲದೆ ಗೋದಾಮಿನಲ್ಲಿ ಕರಗಿ ನೆಲಕ್ಕೆ ಅಂಟಿಕೊಂಡಿತ್ತು. ಸೋವಿ ಕಾಲ ಬಂದರೆ ಸಂಬಳದವರಿಗೆ ಸುಖ ಎಂದು ರೈಲ್ವೆಯ ಮನೆಯಾಕೆ ಹೇಳುತ್ತಿದ್ದರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು. ಮಂಡಿಯ ಸಂಬಳ ಮಂಡಿಯ ವ್ಯಾಪಾರಕ್ಕೆ ಗಂಟು ಹಾಕಿಕೊಂಡದ್ದು. ಕಿರಾಣಿ ಅಂಗಡಿಯವರೂ ಆ ಬೇಸಗೆಯಲ್ಲಿ ಉದ್ರಿ ನಿಲ್ಲಿಸಿದರು. ಜಗಳವಾಡಿ ನಿಲ್ಲಿಸಿದ್ದಲ್ಲ, ಅವರಿಗೂ ಸರಕು ಕೊಡುವವರು ನಿಲ್ಲಿಸಿದ್ದರು.

ಅದರ ಮೇಲೆ ಆ ವರ್ಷ ಅಧಿಕ ಮಾಸ ಬಂತು, ಆಷಾಢ ಎರಡಾಯಿತು. ಮಂಡಿಯಲ್ಲಿ ಗುಮಾಸ್ತರನ್ನು ದೀಪಾವಳಿಯಿಂದ ದೀಪಾವಳಿಗೆ ಗೊತ್ತು ಮಾಡುತ್ತಿದ್ದರು. ವರ್ಷಕ್ಕೆ ಇಷ್ಟು ಎಂದು ಮಾತಾಗಿ, ಅದನ್ನು ಹನ್ನೆರಡು ಪಾಲು ಮಾಡಿ ಅಮಾವಾಸ್ಯೆಗೊಂದು ಪಾಲು ಕೊಡುವುದು. ಅಧಿಕ ಮಾಸ ಬಿದ್ದ ವರ್ಷ ಅಮಾವಾಸ್ಯೆ ಹದಿಮೂರು, ಪಾಲು ಮಾತ್ರ ಹನ್ನೆರಡೇ. ಹಿಂದಿನ ಅಧಿಕ ಮಾಸಗಳಲ್ಲಿ ಸಾವುಕಾರರು ಆ ಹೆಚ್ಚಿನ ತಿಂಗಳದ್ದನ್ನೂ ಧರ್ಮವೆಂದು ಕೊಟ್ಟಿದ್ದರು. ಈ ಸಲ ಅಧಿಕ ಆಷಾಢದ ಅಮಾವಾಸ್ಯೆಗೆ ಮಂಗಳಾರತಿ ತಟ್ಟೆ ಮಾತ್ರ ಬಂತು. ಯಜಮಾನರು ಮನೆಗೆ ಬಂದು ಪ್ರಸಾದದ ಬಾಳೆಹಣ್ಣನ್ನು ಮಕ್ಕಳಿಗೆ ಕೊಟ್ಟು, ಶಲ್ಯ ಗೂಟಕ್ಕೆ ಹಾಕಿ, ಕೊಡಲಿಲ್ಲ ಎಂದರು. ನಿಜ ಆಷಾಢದ ಅಮಾವಾಸ್ಯೆಗೆ, ಎಂದರೆ ಭೀಮನ ಅಮಾವಾಸ್ಯೆಗೆ, ಮುಂದಿನ ಸಂಬಳ. ಅಲ್ಲಿಯವರೆಗೆ ಪೂರ್ತಿ ಒಂದು ತಿಂಗಳು ಕೈಯಲ್ಲಿ ಏನೂ ಇಲ್ಲ.

ಬೇಕಾದವರಿಗೆ ಮುಂಗಡ ಕೊಡುತ್ತೇವೆ ಎಂದು ಸಾವುಕಾರರು ಹೇಳಿ ಕಳಿಸಿದ್ದರಂತೆ. ಮುಂಗಡದ ಅರ್ಥ ಎಲ್ಲರಿಗೂ ತಿಳಿದಿತ್ತು. ಆಷಾಢದಲ್ಲಿ ಕೈ ಚಾಚಿದವನು ದೀಪಾವಳಿಗೆ ಅವರು ಹೇಳಿದ ಸಂಬಳಕ್ಕೆ ತಲೆ ಆಡಿಸಬೇಕು. ಬೇರೆ ಮಂಡಿಗೆ ಹೋಗುತ್ತೇನೆ ಎನ್ನಲು ಬಾಯಿ ಇರುವುದಿಲ್ಲ. ಆ ವರ್ಷ ಎಲ್ಲ ಮಂಡಿಗಳಲ್ಲೂ ಸಂಬಳ ಇಳಿಸುವ ಮಾತೇ ನಡೆದಿತ್ತು. ಇರುವ ಸಂಬಳದಲ್ಲೇ ಹುಣ್ಣಿಮೆ ದಾಟದ ನಮಗೆ, ಅದರಲ್ಲೂ ಇಳಿಸಿದರೆ ಮನೆ ಬಿಡಬೇಕಾಗುತ್ತಿತ್ತು. ಆದ್ದರಿಂದ ಆ ಒಂದು ತಿಂಗಳು ಮುಂಗಡ ಮುಟ್ಟದೆ ದಾಟಬೇಕು, ಅಷ್ಟೇ ನಮ್ಮ ಮುಂದಿದ್ದದ್ದು.

ದಾರಿ ತೋರಿಸಿದವರು ಅತ್ತೆ. ರಾಗಿ ಮಡಕೆಗೆ ಕೈ ಇಳಿಸಿ ಅದರ ತಳ ಸವರಿ ನೋಡಿ ಅವರು ಹೇಳಿದರು:

"ನೀನು ಮಕ್ಳ ಕರ್ಕೊಂಡು ನಿನ್ನ ತೌರಿಗೆ ಹೋಗ್ಬಿಡು ಕಣಮ್ಮ. ಇದ್ರಾಗೆ ನಾನೂ ನನ್ನ ಮಗನೂ ಹೆಂಗೋ ಅಂಬ್ಲಿ ಕಾಸ್ಕೊಂತೀವಿ. ಆಷಾಢ ಅಲ್ವಾ, ತೌರಿಗೆ ಹೋದ್ಲು ಅಂದ್ರೆ ಯಾರೂ ಕೇಳಕಿಲ್ಲ."

ಆಷಾಢಕ್ಕೆ ತವರಿಗೆ ಹೋಗುವುದು ಹೊಸ ಮದುಮಗಳು, ನಾನು ಎರಡು ಹೆಣ್ಣುಮಕ್ಕಳ ತಾಯಿ ಎಂದೆ.

"ನಿನಗೆ ಮೊದಲ್ನೇ ಆಷಾಢದಾಗೆ ಜ್ವರ ಬಂದು ಹೋಗಕಾಗ್ನಿಲ್ಲ. ಈಗ ಹೋಯ್ತಾ ಇದೀಯ, ಅಷ್ಟೇಯ," ಎಂದರು ಅತ್ತೆ. ಸುಳ್ಳು ಹೇಳುವಾಗಲೂ ಅವರು ವಿಭೂತಿ ಹಚ್ಚಿದ ಹಣೆ ಎತ್ತಿಕೊಂಡೇ ಹೇಳುತ್ತಿದ್ದರು.

ನನ್ನ ತವರು ಕಲ್ಯಾಣದುರ್ಗ. ಅಪ್ಪ ಅವ್ವ ಇಬ್ಬರೂ ಲಿಂಗೈಕ್ಯರಾಗಿದ್ದರು, ಅಣ್ಣನ ಸಂಸಾರವಿತ್ತು. ರೈಲಿಗೆ ಕೊಡಲು ದುಡ್ಡಿಲ್ಲ. ಕುಂದುರ್ಪಿಯ ಕಡೆಯಿಂದ ಹಿಂದೂಪುರದ ಸಂತೆಗೆ ಕಂಬಳಿ ತರುವ ಗಾಡಿಯವನೊಬ್ಬನಿದ್ದ, ಮಾರಿದ ಮೇಲೆ ಖಾಲಿ ಗಾಡಿ ಹೊಡೆದುಕೊಂಡು ಹೋಗುವವನು. ಎಷ್ಟು ಕೊಡಬೇಕಪ್ಪ ಎಂದು ಕೇಳಿದ್ದಕ್ಕೆ, ಮಕ್ಕಳು ಕೂತದ್ದು ಎತ್ತುಗಳಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದ ಮೇಲೆ ಕೇಳುತ್ತೇನೆ ಎಂದ. ದಾರಿಯಲ್ಲಿ ತಂಗಿದ ಛತ್ರದಲ್ಲಿ ಮಕ್ಕಳಿಗೆ ಗಂಜಿ ಸಿಕ್ಕಿತು. ಕುಂದುರ್ಪಿಯಿಂದ ಕಲ್ಯಾಣದುರ್ಗಕ್ಕೆ ಮೋಟಾರು. ಅದಕ್ಕೆ ಬೇಕಾದ ಚಿಲ್ಲರೆಯನ್ನು ಅತ್ತೆ ತಮ್ಮ ಎಲೆಅಡಿಕೆಯ ಚೀಲದಿಂದ ತೆಗೆದುಕೊಟ್ಟಿದ್ದರು. ಆ ತಿಂಗಳು ಅವರು ಎಲೆ ಹಾಕಿಕೊಳ್ಳಲಿಲ್ಲ.

ಅಣ್ಣನ ಮನೆಯ ಬೀದಿಗೆ ತಿರುಗಿದಾಗ ಅತ್ತಿಗೆ ಹೊಸ್ತಿಲ ಮೇಲೆ ನಿಂತಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು, ತಮ್ಮ ಇಬ್ಬರು ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಅಣ್ಣನ ಕೈಯಲ್ಲಿ ಬಟ್ಟೆಯ ಗಂಟು. ನಾನು ಇಳಿದ ಮೋಟಾರಿಗೇ ಅವರು ಹೊರಟಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮದು ಕೊಟ್ಟು ತಂದ ಸಂಬಂಧ. ನನ್ನನ್ನು ಹಿಂದೂಪುರಕ್ಕೆ ಕೊಟ್ಟ ಚಪ್ಪರದಲ್ಲೇ ನಮ್ಮ ಯಜಮಾನರ ಅಕ್ಕನನ್ನು ನಮ್ಮಣ್ಣನಿಗೆ ತಂದುಕೊಂಡಿದ್ದರು. ಒಂದೇ ಖರ್ಚಿನಲ್ಲಿ ಎರಡು ಮದುವೆ. ಹಾಗಾಗಿ ನನ್ನ ತವರೇ ಆಕೆಗೆ ಗಂಡನ ಮನೆ, ಆಕೆಯ ತವರೇ ನನಗೆ ಗಂಡನ ಮನೆ. ಅಣ್ಣನೂ ಕಲ್ಯಾಣದುರ್ಗದ ಕಡಲೆಕಾಯಿ ಮಂಡಿಯಲ್ಲಿ ಗುಮಾಸ್ತ. ಅವನಿಗೂ ಅಮಾವಾಸ್ಯೆಯ ಸಂಬಳ, ಅವನಿಗೂ ಹನ್ನೆರಡೇ ಪಾಲು. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ತವರು ಎಂದ ಕೂಡಲೇ ಅಲ್ಲಿ ಏನಾದರೂ ಇದ್ದೇ ಇರುತ್ತದೆ ಎಂದುಕೊಂಡುಬಿಡುತ್ತೇವೆ. ಆಕೆಯೂ ಹಾಗೆಯೇ ಅಂದುಕೊಂಡಿದ್ದರು.

"ಬಾ ಕಣಮ್ಮ," ಎಂದರು ಅತ್ತಿಗೆ. "ಏನಿಷ್ಟು ದೂರ?"

"ಆಷಾಢಕ್ಕೆ," ಎಂದೆ. "ನೀವೆಲ್ಲಿಗೆ ಹೊರಟ್ರಿ?"

"ನಾನೂ ಆಷಾಢಕ್ಕೇ ಹೊಂಟೆ."

ಅಣ್ಣ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಅತ್ತಿಗೆ ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ನಮ್ಮವ್ವ ನಿನ್ನ ಆಚೆ ಕಳ್ಸಿ, ಸದ್ಯ ಮೂರು ಬಾಯಿ ಕಮ್ಮಿ ಆಯ್ತು ಅಂತ ಬಾಗ್ಲು ಹಾಕ್ಕೊಂಡಿರ್ತಾಳೆ. ನಾನು ಹೋಗಿ ಬಡಿದ್ರೆ, ಅಲ್ಲೂ ಮೂರು ಬಾಯಿ."

ಅವತ್ತಿನ ಮೋಟಾರು ಹೋಯಿತು. ಅತ್ತಿಗೆ ಗಂಟು ಬಿಚ್ಚದೆ ಮೂಲೆಯಲ್ಲಿಟ್ಟು, ಇದ್ದ ನವಣೆಯನ್ನೇ ಬೇಯಿಸಿ ಎಲ್ಲರಿಗೂ ಬಡಿಸಿದರು. ನಾನು ನಾಳೆಯೇ ಹಿಂದಿರುಗುವ ಯೋಚನೆಯಲ್ಲಿದ್ದೆ. ಹಿಂದಿರುಗಿದರೆ ಯಜಮಾನರು ಮಕ್ಕಳ ಮುಖ ನೋಡಿ ಮುಂಗಡಕ್ಕೆ ಹೋಗುತ್ತಾರೆ, ಅದೂ ಗೊತ್ತಿತ್ತು. ಪಾತ್ರೆ ತೊಳೆಯುವಾಗ ಅತ್ತಿಗೆ ತಾವೇ ಮಾತು ತೆಗೆದರು. ಬಿತ್ತನೆಯ ಕಾಲ ಬಂದಿದೆ, ಮಂಡಿಯ ಅಂಗಳದಲ್ಲಿ ಬೀಜಕ್ಕೆ ಕಡಲೆಕಾಯಿ ಸುಲಿಸುತ್ತಾರೆ, ದುಡ್ಡಿಲ್ಲದ ಕಾಲ ಎಂದು ಕೂಲಿಗೆ ಒಡೆದ ಬೀಜವನ್ನೇ ಅಳೆದು ಕೊಡುತ್ತಾರೆ, ಹೊಟ್ಟನ್ನೂ ಒಲೆಗೆ ಒಯ್ಯಬಹುದು ಎಂದರು. ಹಾಗಾದರೆ ಇಷ್ಟು ದಿನ ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದೆ.

"ನಾನಿಲ್ಲಿ ಸೊಸೆ ಕಣಮ್ಮ. ಗುಮಾಸ್ತ್ರ ಹೆಂಡ್ತಿ ಅದೇ ಮಂಡಿ ಅಂಗಳ್ದಾಗೆ ಕೂಲಿಯೋರ ಜತೆ ಕೂತ್ರೆ ನಿಮ್ಮಣ್ಣ ನಾಳೆ ಯಾವ ಮಖ ಹೊತ್ಕೊಂಡು ಲೆಕ್ಕ ಬರ್ಯೋ ಗದ್ದಿಗೆ ಮ್ಯಾಲೆ ಕೂತ್ಕೊಂತಾರೆ? ನೀನಾದ್ರೆ ಊರ ಮಗಳು. ತೌರಿಗೆ ಬಂದವ್ಳೆ, ಹೊತ್ತು ಹೋಗ್ನಿಲ್ಲ, ಹೋಗಿ ಕೂತ್ಲು. ಮಗಳನ್ನ ಯಾರೇನಂತಾರೆ?"

ಆಕೆ ಹೇಳಿದ್ದು ಸರಿಯಾಗಿತ್ತು. ಹಿಂದೂಪುರದಲ್ಲಿ ನನ್ನ ಕಥೆಯೂ ಅದೇ. ಅಲ್ಲಿ ಗೋದಾಮುಗಳಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುವ ಕೆಲಸ ವರ್ಷವೆಲ್ಲ ಇತ್ತು, ನಾನು ಆ ಕಡೆ ತಲೆ ಹಾಕುವಂತಿರಲಿಲ್ಲ. ಅತ್ತಿಗೆ ಅಲ್ಲಿ ಹುಟ್ಟಿ ಬೆಳೆದವರು, ಲಂಗ ಉಟ್ಟ ಕಾಲದಿಂದ ಆ ಗೋದಾಮುಗಳ ಬಾಗಿಲಲ್ಲಿ ಆಡಿದವರು. ಎರಡು ದಿನ ಬಿಟ್ಟು ಆಕೆ ತಮ್ಮ ಗಂಟು ಎತ್ತಿಕೊಂಡು, ಮಕ್ಕಳೊಂದಿಗೆ ಕುಂದುರ್ಪಿಯ ಮೋಟಾರು ಹತ್ತಿದರು. ಅಲ್ಲಿಂದ ಅದೇ ಕಂಬಳಿ ಗಾಡಿ. ಬಾಯಿಗಳ ಲೆಕ್ಕ ಎರಡೂ ಮನೆಯಲ್ಲಿ ಮೊದಲಿದ್ದಷ್ಟೇ ಉಳಿಯಿತು. ದುಡಿಯುವ ಕೈ ಮಾತ್ರ ಒಂದೊಂದು ಹೆಚ್ಚಾಯಿತು.

ನಾನು ಮಂಡಿಯ ಅಂಗಳಕ್ಕೆ ಹೋದೆ. ಕಾಯಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಹೆಬ್ಬೆರಳಿನಿಂದ ಮೂತಿ ಒತ್ತಿ ಬಿಡಿಸಬೇಕು. ಬೀಜದ ಸಿಪ್ಪೆ ಜಾರಿದರೂ ಅದು ಬಿತ್ತನೆಗೆ ಬಾರದು. ಮೊದಲ ದಿನ ಸಂಜೆಗೆ ಹೆಬ್ಬೆರಳು ಸೀಳಿತು. ವಿಭೂತಿ ಒತ್ತಿಕೊಂಡು, ಬಟ್ಟೆ ಸುತ್ತಿ, ಮರುದಿನ ಮತ್ತೆ ಹೋದೆ. ಅಲ್ಲಿನ ಹೆಂಗಸರು ಹೆಚ್ಚಾಗಿ ತೆಲುಗಿನವರು. ನಾನು ಆಷಾಢಕ್ಕೆ ಬಂದವಳು ಎಂದು ತಿಳಿದ ಕೂಡಲೇ, ಎಲ್ಲರಿಗಿಂತ ವಯಸ್ಸಾದ ಮುದುಕಿ ನನಗೆ ಪೆಳ್ಳಿಕೂತುರು, ಮದುವೆಹೆಣ್ಣು, ಎಂದೇ ಹೆಸರಿಟ್ಟಳು. ಪೆಳ್ಳಿಕೂತುರಿಗೆ ನೆರಳು ಬಿಡಿ, ಪೆಳ್ಳಿಕೂತುರ ಮಕ್ಕಳಿಗೆ ನೀರು ಕೊಡಿ ಎಂದು ದಿನವೆಲ್ಲ ಆಡಿಕೊಳ್ಳುತ್ತಿದ್ದಳು. ನಿನ್ನ ಬಾಸಿಂಗ ಎಲ್ಲಿ ಎಂದು ಒಮ್ಮೆ ಕೇಳಿದಳು. ಕಡಲೆಕಾಯಿ ಹೊಟ್ಟಿನಲ್ಲಿ ಬಿದ್ದುಹೋಗಿದೆ, ಹುಡುಕುತ್ತಾ ಕೂತಿದ್ದೇನೆ ಎಂದು ನಾನೂ ಅವಳ ಭಾಷೆಯಲ್ಲೇ ಹೇಳಿದೆ. ಅಂದಿನಿಂದ ಅವಳು ತನ್ನ ಪಕ್ಕದಲ್ಲೇ ನನಗೆ ಜಾಗ ಹಿಡಿದಿಡುತ್ತಿದ್ದಳು, ಗೋಡೆಯ ನೆರಳಿರುವ ಕಡೆ.

ಅಣ್ಣ ಗದ್ದುಗೆಗೆ ಹೋಗುವಾಗ ಬರುವಾಗ ಅಂಗಳದ ಅಂಚಿನಲ್ಲೇ, ನೆಲ ನೋಡಿಕೊಂಡು ದಾಟುತ್ತಿದ್ದ. ಅವನಿಗೆ ನಾನು ಕಾಣುತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತವನು ತಟ್ಟೆಯಿಂದ ತಲೆ ಎತ್ತದೆ, ಸಾವುಕಾರರು ಕೇಳಿದರು ಎಂದ.

"ಯಾರಪ್ಪ ಅದು, ಹೊಸಬಳು, ಅಂದ್ರು. ತಂಗಿ ಅಂದೆ."

"ಏನಂದ್ರು?"

"ಬೀಜ ಒಡೀದಂಗೆ ಸುಲೀತಾಳೆ ಅಂದ್ರು."

ಒಡೆದ ಬೀಜವೇ ಕೂಲಿಯಾದ್ದರಿಂದ ಆ ಹೊಗಳಿಕೆಯಿಂದ ನಮಗೆ ಲಾಭವೇನಿರಲಿಲ್ಲ. ಆದರೂ ಅಣ್ಣ ಅವತ್ತು ಎರಡನೆಯ ಸಲ ಬಡಿಸಿಕೊಂಡ. ಕಡಲೆಬೀಜದ ಚಟ್ನಿ, ಕಡಲೆಬೀಜದ ಪುಡಿ, ಬೀಜ ಹಾಕಿದ ಹುಳಿ. ಗಾಣದವರಿಗೆ ಒಂದಿಷ್ಟು ಕೊಟ್ಟು ಎಣ್ಣೆ ಮಾಡಿಸಿಕೊಂಡೆ, ದೇವರ ದೀಪ ಆ ತಿಂಗಳು ಒಂದು ಸಂಜೆಯೂ ತಪ್ಪಲಿಲ್ಲ. ಒಂದಿಷ್ಟು ಕೊಟ್ಟು ರಾಗಿ ತಂದೆ. ಮಕ್ಕಳ ಕೆನ್ನೆಗೆ ಸ್ವಲ್ಪ ಬಣ್ಣ ಬಂತು.

ಹುಣ್ಣಿಮೆ ಕಳೆದ ಮೇಲೆ ಕಂಬಳಿ ಗಾಡಿಯವನು ಬಿತ್ತನೆಯ ಬೀಜ ಕೊಳ್ಳಲು ನಮ್ಮ ಅಂಗಳಕ್ಕೇ ಬಂದ. ಅತ್ತಿಗೆಯನ್ನೂ ಮಕ್ಕಳನ್ನೂ ಮುಟ್ಟಿಸಿದ್ದನ್ನು ಹೇಳಿದ. ಅತ್ತೆ ಚೆನ್ನಾಗಿದ್ದಾರೆ, ಮಗಳನ್ನು ನೋಡಿ ಬಾಗಿಲಲ್ಲೇ ಹಣೆ ಚಚ್ಚಿಕೊಂಡು ಆಮೇಲೆ ಅಪ್ಪಿಕೊಂಡರು ಎಂದ. ಹೊರಡುವಾಗ ನೆನಪಾದವನಂತೆ ಇನ್ನೊಂದು ಮಾತು ಹೇಳಿದ.

"ಹಿಂದೂಪುರ್ದಾಗೆ ನಿಮ್ಮ ಮಂಡಿ ಗುಮಾಸ್ತ್ರೆಲ್ಲ ಸಾವ್ಕಾರ್ರ ಮನೆ ಬಾಗ್ಲಾಗೆ ನಿಂತಿದ್ರು ಕಣಮ್ಮ. ಮುಂಗಡ ಕೊಡ್ತಾವ್ರಂತೆ."

"ನಮ್ಮೋರೂ ಇದ್ರಾ?"

"ಜನ ಇದ್ರು. ನಾನು ಎತ್ತು ನೋಡ್ಕೊಂತಿದ್ದೆ, ಮಖ ನೋಡ್ನಿಲ್ಲ."

ಕೇಳಲು ಬೇರೆ ಯಾರೂ ಇರಲಿಲ್ಲ. ನಾನು ಮತ್ತೆ ಸುಲಿಯಲು ಕೂತೆ. ಪಕ್ಕದ ಮುದುಕಿ ನನ್ನ ಬುಟ್ಟಿ ನೋಡಿ, ಪೆಳ್ಳಿಕೂತುರು ಇವತ್ತು ಎಲ್ಲವನ್ನೂ ಒಡೆಯುತ್ತಿದ್ದಾಳೆ, ಕೂಲಿ ಜಾಸ್ತಿ ಬೇಕೇನೋ ಎಂದಳು. ನೋಡಿದರೆ ನಿಜವಾಗಿಯೂ ಬೀಜಗಳು ಹೋಳಾಗಿದ್ದವು. ಆಮೇಲಿನ ದಿನಗಳಲ್ಲಿ ನಾನು ಪೂಜೆಗೆ ಕೂತಾಗ ಶಿವನನ್ನು ಏನೂ ಕೇಳಲಿಲ್ಲ. ಆಗುವುದು ಆಗಿಹೋಗಿತ್ತು. ತೆಗೆದುಕೊಂಡಿದ್ದರೆ ತೆಗೆದುಕೊಂಡಿದ್ದಾರೆ, ಇಲ್ಲದಿದ್ದರೆ ಇಲ್ಲ. ಈಗ ಬೇಡಿಕೊಂಡು ಅದನ್ನು ಬದಲಾಯಿಸುವುದು ಹೇಗೆ? ಮಕ್ಕಳು ಉಂಡರು, ಅಣ್ಣ ಉಂಡ, ನಾನು ಉಂಡೆ ಎಂದಷ್ಟು ಒಪ್ಪಿಸಿ ಏಳುತ್ತಿದ್ದೆ.

ಭೀಮನ ಅಮಾವಾಸ್ಯೆಗೆ ಹೆಂಡತಿ ಗಂಡನ ಪಾದಪೂಜೆ ಮಾಡಬೇಕು. ಅತ್ತಿಗೆ ಕಲ್ಯಾಣದುರ್ಗಕ್ಕೆ ಬರಬೇಕು, ನಾನು ಹಿಂದೂಪುರಕ್ಕೆ ಹೋಗಬೇಕು. ಇಬ್ಬರ ದಾರಿಯೂ ಕುಂದುರ್ಪಿಯಲ್ಲಿ ಸೇರಿತು. ಆಕೆ ಗಾಡಿಯಿಂದ ಇಳಿದರು, ನಾನು ಮೋಟಾರಿನಿಂದ ಇಳಿದೆ. ಅದೇ ಮೋಟಾರು ಆಕೆಯನ್ನು ಕರೆದೊಯ್ಯಬೇಕಿತ್ತು. ಡ್ರೈವರು ಟೀ ಕುಡಿಯಲು ಹೋಗಿದ್ದ. ಅತ್ತಿಗೆಯ ಬೆರಳುಗಳೆಲ್ಲ ಹುಣಸೆಯ ಹುಳಿಗೆ ಕಂದಿ, ಉಗುರಿನ ಸಂದುಗಳು ಕಪ್ಪಾಗಿದ್ದವು. ಆಕೆ ನನ್ನ ಹೆಬ್ಬೆರಳು ಹಿಡಿದು ನೋಡಿದರು. ನಾನು ಕೇಳಬೇಕಾದ್ದನ್ನು ಕೇಳಿದೆ, ಮುಂಗಡ ತಗೊಂಡರೇ ಎಂದು.

"ಹೋಗಿದ್ದ," ಎಂದರು. "ನಿಂತಿದ್ದ. ಮನೇಲಿ ನಮ್ಮ ಸಣ್ಣೋನು ಹಸಿವು ಅಂತ ಅತ್ತಿದ್ದು ಕಿವಿಗೆ ಬಿದ್ದಿತ್ತು. ಅಕ್ಕನ ಮಕ್ಳು ತನ್ನ ಮನೇಲಿ ಹಸ್ಕೊಂಡವ್ರೆ ಅಂತ ಹೋದ. ಅವ್ವ ನನಗೆ ಹೇಳಿದ್ಲು. ನಾನು ಗೋದಾಮಿಂದ ಹಂಗೇ ಎದ್ದು ಹೋದೆ, ತಲೆ ಮ್ಯಾಲೆ ಹುಣ್ಸೆ ಬುಟ್ಟಿ ಇತ್ತು, ಇಳಿಸ್ಲಿಲ್ಲ. ಸಾವ್ಕಾರ್ರ ಮನೆ ಎದ್ರು ಬೀದಿ ಆಚೆ ನಿಂತ್ಕೊಂಡೆ. ಕರೀಲಿಲ್ಲ, ಏನೂ ಅನ್ನಲಿಲ್ಲ. ನೋಡ್ದ. ನೋಡಿ, ಇಳ್ದು ಬಂದ್ಬುಟ್ಟ."

"ಆಮೇಲೆ?"

"ಆಮೇಲೇನು, ಎಲ್ಡು ದಿನ ನನ್ನ ಕೂಡೆ ಮಾತಾಡ್ನಿಲ್ಲ. ಮೂರ್ನೇ ದಿನ ಹುಣ್ಸೆ ಬೀಜ ಹುರ್ದು ಕೊಟ್ಟೆ. ಚಿಕ್ಕೋನಿದ್ದಾಗ ಅದಕ್ಕೇ ಜಗಳ ಆಡ್ತಿದ್ದ. ಕಟಕಟ ಅಂತ ಅಗೀತಾ, ಉಪ್ಪು ಹೆಚ್ಚಾಗೈತೆ ಅಂದ."

ಮೋಟಾರು ಹಾರನ್ ಮಾಡಿತು. ಆಕೆ ಹತ್ತಿದರು. ನಾನು ಗಾಡಿಯವನ ಮನೆಯ ಜಗಲಿಯಲ್ಲಿ ಎತ್ತುಗಳ ದಣಿವು ಆರುವವರೆಗೆ ಕೂತಿದ್ದು, ಮರುದಿನ ಕಂಬಳಿಗಳ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ಹೊರಟೆ.

ಅಮಾವಾಸ್ಯೆಯ ಬೆಳಿಗ್ಗೆ ಯಜಮಾನರ ಪಾದ ತೊಳೆದು, ಅರಿಶಿನದ ದಾರ ಕಟ್ಟಿಕೊಂಡು ಪೂಜೆ ಮಾಡಿದೆ. ಕಣಕಾಲಿನ ಮೂಳೆ ಮೊದಲಿಗಿಂತ ಎದ್ದು ಕಾಣುತ್ತಿತ್ತು. ಸಾವುಕಾರರ ಬಾಗಿಲಿಗೆ ಹೋದದ್ದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಡಲೆಬೀಜದ ಗಂಟು ಬಿಚ್ಚಿದಾಗ ಅವರು ಒಂದು ಹಿಡಿ ತೆಗೆದುಕೊಂಡು, ಎಲ್ಲವೂ ಹೋಳೇ ಇದೆಯಲ್ಲ ಎಂದರು. ಅದೇ ಕೂಲಿ ಎಂದೆ. ಸಂಜೆ ಮಂಡಿಯಿಂದ ಸಂಬಳ ಬಂತು. ಆ ಸಲ ಅಂಗಡಿಯ ಬಾಕಿ ಇರಲಿಲ್ಲ. ಉದ್ರಿ ನಿಂತದ್ದರಿಂದ ಬಾಕಿಯೂ ನಿಂತಿತ್ತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅಮಾವಾಸ್ಯೆಯ ಸಂಬಳ ಮನೆಯೊಳಗೆ ಒಂದು ರಾತ್ರಿ ಇಡಿಯಾಗಿ ಉಳಿಯಿತು.

ದೀಪಾವಳಿಗೆ ಮುಂದಿನ ವರ್ಷದ ಮಾತು ನಡೆಯಿತು. ಮುಂಗಡ ತೆಗೆದುಕೊಂಡವರನ್ನು ಮೊದಲು ಕರೆದರಂತೆ. ಅವರ ಸಂಬಳ ಇಳಿಯಿತು, ಅವರಲ್ಲೊಬ್ಬರು ಕಾರ್ತಿಕ ಮುಗಿಯುವುದರೊಳಗೆ ಮನೆ ಖಾಲಿ ಮಾಡಿಕೊಂಡು ಚಿಲಮತ್ತೂರಿನ ಕಡೆಗೆ ಹೋದರು. ನಮ್ಮ ಯಜಮಾನರನ್ನು ಕೊನೆಗೆ ಕರೆದರು. ಅವರಿಗೂ ಇಳಿಸುವ ಮಾತೇ ಬಂತು. ಹಾಗಾದರೆ ನಮಸ್ಕಾರ ಎಂದು ಇವರು ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರಂತೆ. ಇದು ಅವರು ಹೇಳಿದ್ದಲ್ಲ, ಮಂಡಿಯ ತೂಕದವನು ಅತ್ತೆಗೆ ಹೇಳಿದ್ದು. ಬಾಗಿಲ ತನಕ ಬಂದವರನ್ನು ಸಾವುಕಾರರು ವಾಪಸು ಕರೆದರು.

ಮನೆಗೆ ಬಂದು ಕಾಲು ತೊಳೆದುಕೊಂಡು ಯಜಮಾನರು ನೇರವಾಗಿ ಅತ್ತೆಯ ಹತ್ತಿರ ಹೋದರು.

"ಹೋದ ವರ್ಷದಷ್ಟೇ ಕಣವ್ವ. ಹೆಚ್ಚು ಮಾಡ್ನಿಲ್ಲ, ಕಮ್ಮೀನೂ ಮಾಡ್ನಿಲ್ಲ."

ಅತ್ತೆ ಎಲೆಅಡಿಕೆಯ ಚೀಲ ಬಿಚ್ಚಿ ಒಂದು ಎಲೆ ಹಾಕಿಕೊಂಡರು. ಆಮೇಲೆ, ಕುಂದುರ್ಪಿ ಗಾಡಿ ಈ ಸಂತೆಗೆ ಬಂದರೆ, ಅವತ್ತು ಬುಟ್ಟಿ ಹೊತ್ತು ಬೀದಿಯಲ್ಲಿ ನಿಂತ ನನ್ನ ಮಗಳಿಗೆ ಈ ಮಾತು ಮುಟ್ಟಿಸು ಎಂದು ನನಗೆ ಹೇಳಿದರು.